ಕತ್ತು ನೋಡುವ ಆಚಾರ್ರು

ಆಚಾರ್ರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಂಗಡಿ ಮೆಟ್ಟಿಲು ಹತ್ತಿದವರು ಹೆಂಗಸಾಗಲಿ ಗಂಡಸಾಗಲಿ, ಮೊದಲು ಕತ್ತು ನೋಡೋರು, ಆಮೇಲೆ ಕಿವಿ, ಆಮೇಲೆ ಕೈ. ಮುಖದ ಸರದಿ ಬರೋ ಹೊತ್ತಿಗೆ ಗಿರಾಕಿ ಮನೆ ಸೇರಿರುತ್ತಿದ್ದರು. ಒಂದು ಸಲ ಚಳಿ ಅಂತ ಸೆರಗು ಕತ್ತಿಗೆ ಸುತ್ತಿಕೊಂಡು ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ದಿನಾ ಮಾತಾಡಿಸುವ ಮನುಷ್ಯ ಪಕ್ಕದಲ್ಲೇ ನಿಂತು, ಬಸ್ಸು ಎಷ್ಟೊತ್ತಿಗೆ ಬತ್ತದೆ ಅಂತ ಯಾರೋ ಎಂಬಂತೆ ನನ್ನನ್ನೇ ಕೇಳಿದರು. ಸೆರಗು ತೆಗೆದೆ. "ಓ, ಡಾಕ್ಟರಮ್ಮ" ಅಂದರು.

ಅವರು ತೀರಿಕೊಂಡರು ಅಂತ ಹೋದ ತಿಂಗಳು ಕೆ.ಆರ್.ಪೇಟೆಯಿಂದ ಫೋನು ಬಂತು. ಎಂಬತ್ತು ದಾಟಿತ್ತು. ಮಧ್ಯಾಹ್ನ ಮುದ್ದೆ ಉಂಡು ಗೋಡೆಗೊರಗಿದವರು ಹಾಗೇ ಹೋದರಂತೆ. ಅಳು ಬರುತ್ತೆ ಅಂದುಕೊಂಡೆ, ಬಂದದ್ದು ನಗು. ಆಮೇಲೆ ಅಳುವೂ ಬಂತು, ಸುಳ್ಳು ಯಾಕೆ ಹೇಳಲಿ.

ಅದೇ ವಾರ ಮೈಸೂರಿನಲ್ಲಿ, ನನ್ನ ಕೈಕೆಳಗಿನ ಹುಡುಗಿ, ಈಗಷ್ಟೇ ಓದು ಮುಗಿಸಿದ ಡಾಕ್ಟರು, ಒಂದು ಪ್ರಶ್ನೆ ಕೇಳಿದಳು. ಥೈರಾಯ್ಡಿನ ಸಾಧು ಗಂಟುಗಳನ್ನು, ಅಂದರೆ ಕ್ಯಾನ್ಸರ್ ಅಲ್ಲದ ಗಂಟುಗಳನ್ನು, ಈಗ ಕುಯ್ಯದೆ ಸೂಜಿ ತೂರಿಸಿ ಒಳಗೇ ಬಿಸಿ ಮಾಡಿ ಕರಗಿಸುತ್ತಾರೆ. ಲೇಸರಿನ ಬಿಸಿ ಇದೆ, ರೇಡಿಯೋ ಅಲೆಯ ಬಿಸಿ ಇದೆ, ಮೈಕ್ರೋವೇವಿನ ಬಿಸಿ ಇದೆ. "ಇದರಲ್ಲಿ ಯಾವುದು ಒಳ್ಳೇದು ಮೇಡಂ?" ಅಂದಳು. ನನ್ನ ಬಾಯಿಂದ ಆಚಾರ್ರ ಮಾತು ತಾನಾಗಿ ಬಂದುಬಿಟ್ಟಿತು: "ಉರಿ ಎಷ್ಟು ಅಂತ ಕೇಳಬೇಡ ಕಣಮ್ಮ, ಎಲ್ಲಿ ನಿಲ್ತದೆ ಅಂತ ಕೇಳು." ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ಯಾವ ಪ್ರೊಫೆಸರ್ ಹೇಳಿದ್ದು ಅಂತ ಕೇಳಿದಳು. ಕೆ.ಆರ್.ಪೇಟೆಯ ಅಕ್ಕಸಾಲಿ ಅಂದೆ. ತಮಾಷೆ ಮಾಡ್ತಿದೀನಿ ಅಂದುಕೊಂಡಳು.

ತಮಾಷೆ ಅಲ್ಲ. ಅದು ತೊಂಬತ್ತರ ದಶಕದ ಕೊನೆ. ನಾನು ಶ್ರೀರಂಗಪಟ್ಟಣದ ಗಂಜಾಂನವಳು, ಕಾವೇರಿ ನೀರು ಕುಡಿದು ಬೆಳೆದ ಗರ್ವ ಬೇರೆ. ಓದು ಮುಗಿಸಿ ಹೇಮಗಿರಿ ಕಡೆಯ ಒಂದು ಹಳ್ಳಿ ಆಸ್ಪತ್ರೆಗೆ ಡಾಕ್ಟರಾಗಿ ಬಂದೆ. ಕೆ.ಆರ್.ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮಾಕವಳ್ಳಿ ಫ್ಯಾಕ್ಟರಿಗೆ ಹೋಗುವ ಕಬ್ಬಿನ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ದಿನಾ ಹೋಗಿ ಬರುತ್ತಿದ್ದೆ. ಒಂದು ದಿನ ಓಲೆಯ ತಿರುಪು ಕಚ್ಚಿಕೊಂಡು ಕಿವಿ ಊದಿತು. ಸಿಟ್ಟಿನಲ್ಲಿ ಎದುರಿಗೆ ಕಂಡ ಅಕ್ಕಸಾಲಿ ಅಂಗಡಿಗೆ ನುಗ್ಗಿದೆ. ಒಳಗಿದ್ದವರು ಕಿವಿ ನೋಡಲಿಲ್ಲ, ನನ್ನ ಕತ್ತನ್ನೇ ನೋಡುತ್ತಾ ಕೂತರು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತೆ. "ಏನ್ರೀ ನೋಡ್ತೀರ?" ಅಂದೆ.

"ಕತ್ತು ಸಾಫಾಗಿ ಅದೆ. ಏನೂ ತೊಂದ್ರೆ ಇಲ್ಲ" ಅಂದರು, ತಪಾಸಣೆ ಮುಗಿಸಿದ ಡಾಕ್ಟರ ಥರ.

ಅವರ ಕಸುಬೇ ಹಾಗಿತ್ತು. ಕತ್ತಿಗೆ ಅಂಟಿ ಕೂರುವ ಅಡ್ಡಿಕೆ ಮಾಡುವುದರಲ್ಲಿ ಅವರದ್ದು ಎತ್ತಿದ ಕೈ. ಪಾಂಡವಪುರ, ನಾಗಮಂಗಲದಿಂದಲೂ ಮದುವೆಯವರು ಹುಡುಕಿಕೊಂಡು ಬರುತ್ತಿದ್ದರು. ಅರಿಶಿನದ ದಾರದಲ್ಲಿ ಕತ್ತಿನ ಅಳತೆ ತೆಗೆದು, ಗಂಟು ಹಾಕಿ, ಗೋಡೆಯ ಮೊಳೆಗೆ ನೇತುಹಾಕೋರು. ಯಾವ ದಾರ ಯಾರದ್ದು ಅಂತ ಒಂದು ಚೀಟಿಯೂ ಇಲ್ಲ, ಎಲ್ಲಾ ತಲೆಯಲ್ಲೇ. ನಾಲ್ಕೈದು ವರ್ಷ ಬಿಟ್ಟು ಅದೇ ಹೆಂಗಸು ಅಡ್ಡಿಕೆ ಬಿಗಿ ಅಂತ ಬಂದರೆ ಹಳೇ ದಾರ ತೆಗೆದು ಸುತ್ತಿ ನೋಡೋರು. ಮೈ ಬಂದಿದ್ದರೆ ಸುಮ್ಮನಾಗುತ್ತಿದ್ದರು. ಮೈ ಬಾರದೆ ಕತ್ತು ಮಾತ್ರ ಬೆಳೆದಿದ್ದರೆ, ಅಡ್ಡಿಕೆ ಕೈಗೇ ಕೊಟ್ಟು, "ಚಿನ್ನ ಆಮೇಲೆ ಸಡ್ಲ ಮಾಡ್ಕೊಡ್ತೀನಿ, ಮೊದ್ಲು ಆಸ್ಪತ್ರೆಗೆ ಓಗಿ" ಅಂತ ನನ್ನ ಕಡೆ ಅಟ್ಟೋರು. ಹಾಗೆ ಬಂದವರಲ್ಲಿ ಒಬ್ಬರದೂ ಸುಳ್ಳಾದದ್ದು ನನಗೆ ನೆನಪಿಲ್ಲ.

ನನಗೆ ಅವರ ಅಂಗಡಿಯಲ್ಲಿ ಕೂರುವ ಚಟ ಹತ್ತಿತು. ಸಂಜೆ ಬಸ್ಸಿಳಿದರೆ ಕಾಲು ಅಲ್ಲಿಗೇ ಹೋಗುತ್ತಿತ್ತು. ಎಣ್ಣೆ ದೀಪದ ಉರಿಗೆ ಊದುಗೊಳವೆ ಹಿಡಿದು, ಕೆನ್ನೆ ಉಬ್ಬಿಸಿ, ಸಾಸಿವೆ ಕಾಳಿನಷ್ಟು ಬೆಸುಗೆ ಕರಗಿಸುವುದನ್ನು ನೋಡಬೇಕಿತ್ತು. ಪಕ್ಕದಲ್ಲಿ ಕೆಂಪು ಹರಳಿದ್ದರೆ ಅದಕ್ಕೆ ಒದ್ದೆ ಮಣ್ಣು ಮೆತ್ತೋರು, ಬಿಸಿ ತಾಗಿ ಸೀಳಬಾರದು ಅಂತ. ಊದುತ್ತಾ ಊದುತ್ತಾ ಹಣೆಯ ನರ ಎದ್ದು ನಿಲ್ಲುತ್ತಿತ್ತು, ಹರಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. "ಕರಗ್ಸೋದು ಯಾರ್ ಬೇಕಾದ್ರೂ ಮಾಡ್ತಾರೆ. ಪಕ್ಕದ್ದನ್ನ ಉಳ್ಸೋದೇ ನಮ್ ಕಸುಬು" ಅನ್ನೋರು.

ಉರಿಯ ವಿಷಯ ಬಂದರೆ ಅವರನ್ನು ನಿಲ್ಲಿಸೋಕೇ ಆಗುತ್ತಿರಲಿಲ್ಲ. ಆಗಿನ್ನೂ ನಮ್ಮ ಕಡೆ ಬರೆ ಹಾಕುವ ಪದ್ಧತಿ ಪೂರ್ತಿ ಹೋಗಿರಲಿಲ್ಲ. ಕಾಮಾಲೆಗೆ ಬರೆ, ಹೊಟ್ಟೆನೋವಿಗೆ ಬರೆ, ಕತ್ತಿನ ಗಂಟಿಗೂ ಬರೆ. ಆಚಾರ್ರು ಒಂದೊಂದನ್ನೂ ತೂಗಿ ಹೇಳೋರು. ನಾಗಮಂಗಲದ ಕಡೆ ಅರಿಶಿನದ ಕೊಂಬು ಸುಟ್ಟು ಇಡ್ತಾರೆ, ಅದರ ಉರಿ ಮೇಲ್ಮೇಲೆ, ಚರ್ಮ ದಾಟಲ್ಲ. ಪಾಂಡವಪುರದ ಹತ್ತಿರ ಒಬ್ಬಳು ಮುದುಕಿ ಬಳೆಚೂರು ಕಾಯಿಸಿ ಇಡ್ತಾಳೆ, ಅದು ಚುರುಕು, ಬೇಗ ಆರ್ತದೆ. ಕಬ್ಬಿಣದ ಸಲಾಕೆ ಮೊಂಡ, ಆರೋದೇ ಇಲ್ಲ, ಒಳಗೊಳಗೇ ಬೇಯಿಸ್ತದೆ. ಚಿನ್ನದ ತಂತಿ... ಅಲ್ಲಿಗೆ ಬಂದರೆ ಮಾತು ನಿಲ್ಲಿಸಿ, ಊದುಗೊಳವೆ ಒರೆಸಲು ಶುರು ಮಾಡೋರು. "ಚಿನ್ನದ ತಂತಿ ಏನು?" ಅಂದರೆ, "ಅದೂ ಒಂದದೆ ಬುಡಿ" ಅನ್ನೋರು.

ಇನ್ನು ಅವರ ಹೆಂಡತಿ, ನಾನು ಅಮ್ಮ ಅಂತ ಕರೆಯುತ್ತಿದ್ದವರು. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು, ಆ ಬಾಗಿಲಿನಿಂದ ಬೆಳಗಿನಿಂದ ಸಂಜೆವರೆಗೆ ಅಮ್ಮನ ಧ್ವನಿ ಬರುತ್ತಲೇ ಇರುತ್ತಿತ್ತು. ಗಂಡನನ್ನು ಬೈಯುವ ಧ್ವನಿ. ಸ್ನಾನ ಮಾಡಲಿಲ್ಲ ಅಂತ, ಊಟಕ್ಕೆ ಏಳಲಿಲ್ಲ ಅಂತ, ಯಾರದೋ ಮೂಗುತಿ ಬಾಯಲ್ಲಿಟ್ಟುಕೊಂಡು ಮಾತಾಡ್ತಾರೆ ಅಂತ. ಬೀದಿಯ ಆ ತುದಿಗೆ ಕೇಳುವ ಗಂಟಲು. ಆಚಾರ್ರು ಆ ಬೈಗುಳದ ಲಯಕ್ಕೇ ಸುತ್ತಿಗೆ ಹಾಕುತ್ತಾರೆ ಅಂತ ನನಗೆ ಗುಮಾನಿ. ಅಮ್ಮ ಊರಿಗೆ ಹೋದ ದಿನ ಇವರ ಕೈ ಓಡುತ್ತಲೇ ಇರಲಿಲ್ಲ, ಸುಮ್ಮನೆ ಬೀದಿ ನೋಡುತ್ತಾ ಕೂತಿರೋರು.

ಅಮ್ಮನ ಕತ್ತಿನಲ್ಲಿ ಒಂದು ಅಡ್ಡಿಕೆ. ಅಂಥ ಅಗಲದ ಅಡ್ಡಿಕೆ ನಾನು ಇನ್ನೆಲ್ಲೂ ನೋಡಿಲ್ಲ, ಮೂರು ಬೆರಳು ಅಗಲ. ಹಾಲು ಕಾಯಿಸುವಾಗಲೂ ಅದೇ, ಬಟ್ಟೆ ಒಗೆಯುವಾಗಲೂ ಅದೇ. ಆಚಾರ್ರಿಗೆ ಹೆಂಡತಿ ಮೇಲೆ ಎಷ್ಟು ಪ್ರೀತಿ ಅಂತ ಬೀದಿಯ ಹೆಂಗಸರೆಲ್ಲಾ ತಮ್ಮ ಗಂಡಂದಿರಿಗೆ ಚುಚ್ಚಿ ತೋರಿಸುತ್ತಿದ್ದರು.

ಒಂದು ಸಂಜೆ ಅಮ್ಮ ಕಾಫಿ ತಂದವರು ಕೆಮ್ಮಿದರು. ಆ ಕೆಮ್ಮು ನನಗೆ ಸರಿಕಾಣಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಾ ಅಂತ ಕೇಳಿದೆ. ಆರು ತಿಂಗಳಿಂದ ಕೂತೇ ನಿದ್ದೆ ಅಂದರು. ಕೇಳುವುದಕ್ಕೂ ಕಾಯದೆ ಅಡ್ಡಿಕೆ ಎತ್ತಿದೆ. ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಗಂಟಿನ ಮೇಲೆ ನಾಲ್ಕಾಣೆ ಅಗಲದ ಒಂದು ಹಳೇ ಸುಟ್ಟ ಕಲೆ, ಹೊಳೆಯುತ್ತಾ ಇತ್ತು.

"ಯಾವ ಕಟುಕ ಹಾಕಿದ್ದು ಇದನ್ನ?" ಅಂದೆ.

ಊದುಗೊಳವೆಯ ಸದ್ದು ನಿಂತಿತು. "ನಾನೇ" ಅಂದರು ಆಚಾರ್ರು.

ಮದುವೆಯಾದ ಹೊಸತು. ಅವಳಿಗೆ ಇಪ್ಪತ್ತು, ಕತ್ತಿನಲ್ಲಿ ಕಡಲೆಕಾಳಿನಷ್ಟು ಗಂಟು. ಚಿನ್ನದ ಬರೆಗೆ ಗಂಟು ಕರಗುತ್ತದೆ ಅಂತ ಮನೆಯಲ್ಲಿ ಹಿರಿಯರು ಅಂದರು, ಚಿನ್ನವೂ ಕೈಯಲ್ಲೇ ಇತ್ತು, ಉರಿಯೂ ಕೈಯಲ್ಲೇ ಇತ್ತು. ತಂತಿಯನ್ನು ಸುರುಳಿ ಸುತ್ತಿ ಕೆಂಪಗೆ ಕಾಯಿಸಿದರು. ಅಂಗಡಿಯಲ್ಲಿ ಗಿರಾಕಿ ಅವ್ರೆ, ಸದ್ದು ಮಾಡಬ್ಯಾಡ ಅಂದರು. ಇಟ್ಟರು. ಗಂಟು ಕರಗಲಿಲ್ಲ. ಮುಂದಿನ ತಿಂಗಳು ಕಲೆ ಮುಚ್ಚುವಷ್ಟು ಅಗಲದ ಅಡ್ಡಿಕೆ ಮಾಡಿ ತೊಡಿಸಿದರು. ಆಮೇಲೆ ವರ್ಷಾ ವರ್ಷಾ ಗೌರಿಹಬ್ಬದ ಹಿಂದಿನ ದಿನ ದಾರ ಹಿಡಿದು ಅಳೆಯೋರು. ಬೇಕಾದಾಗ ಹಿಂಬದಿಗೆ ಒಂದು ಕೊಂಡಿ ಸೇರಿಸೋರು. "ಐದು ಕೊಂಡಿ ಆಯ್ತು ಡಾಕ್ಟರಮ್ಮ. ಊರೋರ್ನೆಲ್ಲಾ ನಿಮ್ ತಾವ ಕಳ್ಸ್ದೆ. ಇವಳ್ನ ಕಳ್ಸಿದ್ರೆ ನೀವು ಅಡ್ಡಿಕೆ ಎತ್ತಿ ನೋಡ್ತೀರಲ್ಲ" ಅಂದರು.

ಚೆನ್ನಾಗಿ ಉಗಿದೆ. ಅವರೂ ತಲೆ ತಗ್ಗಿಸಿ ಉಗಿಸಿಕೊಂಡರು. ಮಾರನೇ ದಿನವೇ ಇಬ್ಬರನ್ನೂ ಮೈಸೂರಿಗೆ ಕರೆದುಕೊಂಡು ಹೋದೆ.

ಗಂಟಿನ ನೀರು ತೆಗೆದು ಪರೀಕ್ಷೆ ಮಾಡಿದರು. ಸಾಧು ಗಂಟು, ಕ್ಯಾನ್ಸರ್ ಅಲ್ಲ. ಆದರೆ ಶ್ವಾಸನಾಳವನ್ನು ಒತ್ತುತ್ತಿದೆ, ತೆಗೆಯಲೇಬೇಕು. ಆಪರೇಷನ್ ಮಾಡುವ ಸರ್ಜನ್ನು ವಯಸ್ಸಾದವರು, ಸಮಾಧಾನಿ, ಏನನ್ನೂ ಮುಚ್ಚಿಡುತ್ತಿರಲಿಲ್ಲ. ಥೈರಾಯ್ಡಿನ ಬೆನ್ನಿಗೇ ಅಂಟಿಕೊಂಡು ಧ್ವನಿಯ ನರ ಹೋಗುತ್ತದೆ, ದಾರದಷ್ಟು ಸಣ್ಣದು, ಬಹಳ ಜೋಪಾನ ಮಾಡ್ತೀವಿ, ಆದರೂ ಅಪರೂಪಕ್ಕೆ ಏಟು ಬಿದ್ದರೆ ಧ್ವನಿ ಹೋಗಬಹುದು ಅಂದರು. ಅಮ್ಮ ಸುಮ್ಮನೆ ತಲೆಯಾಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಶ್ರೀರಂಗಪಟ್ಟಣದ ಸೇತುವೆ ದಾಟುತ್ತಾ ಆಚಾರ್ರು ನನಗೆ ಮಾತ್ರ ಕೇಳುವಂತೆ ಅಂದರು, "ಒಂದ್ಸಲ ನನ್ ಕೈಯಿಂದ ಕೆಟ್ಟೋಯ್ತು. ಇನ್ನೊಂದ್ಸಲ ಒಪ್ಪಿಸ್ಬುಟ್ಟು, ಇವಳ ಬಾಯೇ ಓದ್ರೆ?"

ಆಗ ನಾನೊಂದು ದೊಡ್ಡ ತಪ್ಪು ಮಾಡಿದೆ. ಸಮಾಧಾನ ಮಾಡೋಣ ಅಂತಲೋ, ನನಗೂ ನಾಲ್ಕಕ್ಷರ ಗೊತ್ತು ಅಂತ ತೋರಿಸಿಕೊಳ್ಳೋಣ ಅಂತಲೋ, ನಮ್ಮ ಪ್ರೊಫೆಸರ್ ಹೇಳಿದ್ದ ಸುದ್ದಿ ಹೇಳಿಬಿಟ್ಟೆ. ಹೊರದೇಶದಲ್ಲಿ ಸೂಜಿಯೊಳಗಿಂದ ಬೆಳಕು ಹಾಯಿಸಿ ಈಲಿಯೊಳಗಿನ, ಅದೇ ಲಿವರಿನ, ಗಡ್ಡೆಯನ್ನು ಅಲ್ಲೇ ಬೇಯಿಸ್ತಾರೆ, ಕತ್ತಿನ ಗಂಟಿಗೂ ಆದೀತಾ ಅಂತ ನೋಡ್ತಿದಾರೆ, ಕುಯ್ಯೋದೇ ಬೇಡ ಅಂದೆ. ನಮ್ಮ ಕಡೆಗೆ ಬರೋಕೆ ಇನ್ನೂ ಎಷ್ಟೋ ವರ್ಷ ಬೇಕು ಅಂತಲೂ ಹೇಳಿದ್ದೆ. ಅದು ಅವರ ಕಿವಿಗೆ ಬೀಳಲೇ ಇಲ್ಲ. "ಸೂಜಿ ಎಷ್ಟು ದಪ್ಪ? ತುದಿ ಮಾತ್ರ ಕಾಯ್ತದಾ, ಉದ್ದಕ್ಕೂ ಕಾಯ್ತದಾ? ಎಷ್ಟೊತ್ತು ಹಿಡೀತಾರೆ?" ಕೆ.ಆರ್.ಪೇಟೆ ಬರೋವರೆಗೂ ಇದೇ.

ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಆಚಾರ್ರು ಮುಂದಕ್ಕೆ ಹಾಕಿಸಿದರು. ಇನ್ನೊಂದು ದಿನ ಕೊಟ್ಟರು, ಅದನ್ನೂ ಹಾಕಿಸಿದರು. ಆಮೇಲೆ ಅಂಗಡಿಯ ಅರ್ಧ ಬಾಗಿಲು ಮುಚ್ಚಿ ಏನೋ ಮಾಡ್ತಾವ್ರೆ ಅಂತ ಬೀದಿಯವರು ಹೇಳಿದರು. ಹೋಗಿ ನೋಡಿದರೆ, ಬದನೆಕಾಯಿ. ಒಂದು ಮೊರದ ತುಂಬ ಬದನೆಕಾಯಿ, ಒಂದೊಂದಕ್ಕೂ ಕಾದ ತಂತಿ ಚುಚ್ಚಿ, ಹೋಳು ಮಾಡಿ, ಒಳಗೆ ಕಂದು ಬಣ್ಣ ಎಲ್ಲಿವರೆಗೆ ಹಬ್ಬಿದೆ ಅಂತ ದಾರದಲ್ಲಿ ಅಳೀತಿದಾರೆ. ಬೆಳ್ಳಿ ತಂತಿಯದು ಒಂದು ಸಾಲು, ತಾಮ್ರದ್ದು ಒಂದು ಸಾಲು, ಚಿನ್ನದ್ದು ಒಂದು ಸಾಲು. ಎಂಟು ದಿನದಿಂದ ಮನೆಯಲ್ಲಿ ಬದನೆಕಾಯಿ ಗೊಜ್ಜು ಬಿಟ್ಟು ಬೇರೆ ಅಡುಗೆಯೇ ಇಲ್ಲ ಅಂತ ಒಳಗಿಂದ ಅಮ್ಮ ಬೈಯುತ್ತಿದ್ದರು. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಕೂತೆ. "ನಗಬ್ಯಾಡಿ. ಬದ್ನೇಕಾಯೊಳ್ಗೆ ರಕ್ತ ಅರಿಯಕಿಲ್ಲ, ಇದು ಸರಿಯಾದ್ ಲೆಕ್ಕ ಅಲ್ಲ ಅಂತ ನಂಗೂ ಗೊತ್ತು" ಅಂದರು.

ಮುಂದಿನ ವಾರ ಬೀದಿಯಲ್ಲಿ ಗುಲ್ಲೋ ಗುಲ್ಲು. ಈರುಳ್ಳಿ ಬಿಟ್ಟರೆ ಬೇರೆ ಘಾಟಿನದನ್ನು ಮನೆಗೆ ತರದ ಆಚಾರ್ರು ಮಟನ್ ಅಂಗಡಿಯಿಂದ ಕುರಿ ಈಲಿ ತಂದವ್ರಂತೆ. ನನಗೆ ಈ ಸಲ ನಗು ಬರಲಿಲ್ಲ. ಬದನೆಕಾಯಿ ಆಯಿತು, ಈಲಿ ಆಯಿತು, ಇನ್ನು ಉಳಿದದ್ದು ಒಂದೇ. ನನ್ನ ಬಾಯಿಬಡುಕತನದಿಂದ ಒಂದು ಜೀವ ಹೋದರೆ ಗತಿಯೇನು? ಆಸ್ಪತ್ರೆಯ ಸಾಲು ಹಾಗೇ ಬಿಟ್ಟು, ಸಿಕ್ಕಿದ ಕಬ್ಬಿನ ಟ್ರಾಕ್ಟರು ಹತ್ತಿ ಬಂದೆ.

ಆಚಾರ್ರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಳೆಯೆಲೆಯ ಮುಂದೆ ಕೂತಿದ್ದರು. ಎಲೆಯ ಮೇಲೆ ಈಲಿ ತುಂಡುಗಳು. ಪಕ್ಕದಲ್ಲಿ ಒಂದು ಸೂಜಿ. ಆಹಾ, ಏನು ಸೂಜಿ ಅದು. ಕೂದಲೆಳೆಯಂಥ ಚಿನ್ನದ ತಂತಿಗೆ ತುದಿ ಬಿಟ್ಟು ಮೇಲೆಲ್ಲಾ ಜೇಡಿಮಣ್ಣಿನ ಲೇಪ, ಬಿಸಿ ತುದಿಯಲ್ಲಿ ಮಾತ್ರ ಇರಲಿ ಅಂತ. ನಾನು ಅದನ್ನು ಕಿತ್ತುಕೊಳ್ಳೋಕೆ ಕೈ ಚಾಚಿದೆ.

ಅವರೇ ತೆಗೆದು ನನ್ನ ಅಂಗೈಗೆ ಇಟ್ಟರು. "ಅದ್ಯಾಕೆ ಅಂಗೆ ಓಡ್ಬಂದ್ರಿ? ಅವಳ ಕತ್ತಿಗೆ ಇಡ್ತೀನಿ ಅಂದ್ಕೊಂಡ್ರಾ?"

ಹೌದು ಅಂದೆ.

"ನಾನೂ ಅಂದ್ಕೊಂಡಿದ್ದೆ" ಅಂದರು. ಆಮೇಲೆ ಒಂದು ತುಂಡನ್ನು ಎತ್ತಿ ತೋರಿಸಿದರು. ಅದರೊಳಗೆ ಒಂದು ಎಳೆ ಹತ್ತಿಯ ದಾರ ತೂರಿಸಿದ್ದರು, ನರ ಅಂತ ಲೆಕ್ಕ. ಸೂಜಿ ತಾಗಿದ್ದು ಇಲ್ಲಿ, ದಾರ ಇದ್ದದ್ದು ಅಲ್ಲಿ, ನಡುವೆ ಒಂದು ಗೋಧಿಕಾಳು ಜಾಗ. ಆದರೂ ದಾರದ ಪಕ್ಕದ ಮಾಂಸ ಬೆಂದು ಬೆಳ್ಳಗಾಗಿತ್ತು. "ಇಪ್ಪತ್ತೊಂದು ತುಂಡು ನೋಡ್ದೆ. ಒಂದ್ರಲ್ಲಿ ಇಲ್ಲಿ ನಿಲ್ತದೆ, ಒಂದ್ರಲ್ಲಿ ಅಲ್ಲಿ ನಿಲ್ತದೆ. ಹರಳು ಕಣ್ಣಿಗೆ ಕಾಣ್ತದೆ, ಅದ್ಕೆ ಉಳ್ಸ್ತೀನಿ. ಒಳಗಿರೋ ನರ ನಂಗೆ ಕಾಣಕಿಲ್ಲ. ಕಾಣ್ದೇ ಇರೋ ಕಡೆ ಉರಿ ಹಿಡಿಯೋನು ಅಕ್ಕಸಾಲಿ ಅಲ್ಲ. ಅವತ್ತೂ ನಾನು ಅಕ್ಕಸಾಲಿ ಆಗಿರ್ನಿಲ್ಲ." ತುಂಡನ್ನು ಎಲೆಯ ಮೇಲಿಟ್ಟು, "ಒಳಗೆ ನೋಡ್ಕೊಂಡು ಬಿಸಿ ಮಾಡೋ ಕಾಲ ಬತ್ತದೆ. ಬಂದಾಗ ನರದ ಪಕ್ಕ ಒದ್ದೆ ಮಾಡ್ಕೊಳ್ಳಿ ಅಂತ ಅವ್ರಿಗೆ ಏಳಿ" ಅಂದರು.

ಈಗ ನಾವು ಸ್ಕ್ಯಾನಿನ ಪರದೆಯಲ್ಲಿ ಸೂಜಿಯ ತುದಿ ನೋಡುತ್ತಲೇ ಬಿಸಿ ಮಾಡುತ್ತೇವೆ. ಗಂಟಿಗೂ ನರಕ್ಕೂ ನಡುವೆ ತಣ್ಣಗಿನ ಸಕ್ಕರೆ ನೀರು ಹಾಯಿಸಿ ದೂರ ಮಾಡುತ್ತೇವೆ. ಲೇಸರಿನದು ಸಣ್ಣ ಉರಿ, ಇಟ್ಟ ಕಡೆ ಕೂರುತ್ತದೆ. ರೇಡಿಯೋ ಅಲೆಯ ಸೂಜಿಯನ್ನು ಆಡಿಸುತ್ತಾ ಚೂರು ಚೂರೇ ಬೇಯಿಸಬಹುದು. ಮೈಕ್ರೋವೇವಿನದು ಜೋರು, ದೊಡ್ಡ ಗಂಟಿಗೆ ಬೇಗ ಆಗುತ್ತದೆ, ಕಣ್ಣು ಮಾತ್ರ ಎಲ್ಲಕ್ಕಿಂತ ಎಚ್ಚರವಾಗಿರಬೇಕು. ಪ್ರತಿ ಸಲ ಆ ತಣ್ಣೀರು ಹಾಯಿಸುವಾಗ ಹರಳಿಗೆ ಮೆತ್ತಿದ ಒದ್ದೆ ಮಣ್ಣೇ ನನ್ನ ಕಣ್ಣ ಮುಂದೆ ಬರುತ್ತದೆ.

ಮೂರನೇ ಸಲ ಕೊಟ್ಟ ದಿನವನ್ನು ಆಚಾರ್ರು ಮುಂದಕ್ಕೆ ಹಾಕಿಸಲಿಲ್ಲ. ಆಪರೇಷನ್ ದಿನ ಜೇಬಿನಿಂದ ಒಂದು ಅರಿಶಿನದ ದಾರ ತೆಗೆದು ಸರ್ಜನ್ನರ ಎದುರು ಹಿಡಿದರು. "ಕತ್ತಿನ ಮಡಿಕೆ ಇರೋದು ಇಲ್ಲಿ. ಈ ಗೆರೇಲಿ ಕುಯ್ದ್ರೆ ಸಣ್ಣ ಸರ ಹಾಕಿದ್ರೂ ಮುಚ್ಕೊತದೆ." ಸರ್ಜನ್ನರು ಗಟ್ಟಿಯಾಗಿ ನಕ್ಕರು. ಅವರೂ ಕುಯ್ಯುವ ಮುಂಚೆ ರೇಷ್ಮೆ ದಾರವನ್ನು ಕತ್ತಿಗೆ ಒತ್ತಿ ಗೆರೆ ಮೂಡಿಸಿಕೊಳ್ಳುತ್ತಿದ್ದರು, ಬಿಲ್ಲಿನಂತೆ ಸಮವಾಗಿ ಬರಲಿ ಅಂತ. "ನಾವಿಬ್ರೂ ಒಂದೇ ಗರಡಿಯವರು ಕಣ್ರೀ" ಅಂದರು. ಗಂಟು ಬಂತು, ಅದರ ಜೊತೆ ಹಳೇ ಬರೆಯನ್ನೂ ಎತ್ತಿ ಹಾಕಿದರು. ಹೊರಗೆ ಬಂದು, ನರ ಕಣ್ಣಾರೆ ನೋಡಿದೀನಿ, ಏನೂ ಆಗಿಲ್ಲ ಅಂದರು.

ನರಕ್ಕೆ ಏನೂ ಆಗಿರಲಿಲ್ಲ. ಆದರೆ ಅಮ್ಮ ಮಾತಾಡಲಿಲ್ಲ. ಮಂಪರು ಇಳಿಯಿತು, ಕಣ್ಣು ಬಿಟ್ಟರು, ಎಲ್ಲರನ್ನೂ ನೋಡಿದರು, ಮಾತಿಲ್ಲ. ಆಚಾರ್ರು, "ನೋವದಾ? ನೀರು ಬೇಕಾ?" ಅಂದರೆ ತಲೆಯಾಡಿಸುತ್ತಿದ್ದರು, ಅಷ್ಟೇ. ಒಮ್ಮೊಮ್ಮೆ ತಡವಾಗುತ್ತೆ ಅಂತ ನಾನು ಬಾಯಲ್ಲಿ ಹೇಳಿದೆ. ಅವತ್ತು ಪೂರ್ತಿ ಆಚಾರ್ರು ವಾರ್ಡಿನ ಬಾಗಿಲಲ್ಲಿ ಕೂತಿದ್ದರು. ಊಟ ಇಲ್ಲ, ಸ್ನಾನ ಇಲ್ಲ, ಬೈಯುವವರೂ ಇಲ್ಲ.

ಮಾರನೇ ಬೆಳಿಗ್ಗೆ ನಾನು ಹೋದಾಗ ಆ ದೊಡ್ಡ ಮನುಷ್ಯ ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತು ಅಳುತ್ತಿದ್ದರು. "ಒಂದ್ಸಲ ಬೈಯೇ" ಅನ್ನುತ್ತಿದ್ದರು. "ಏನಾದ್ರೂ ಬೈಯೇ."

ಅಮ್ಮ ಲೋಟದ ನೀರು ಕುಡಿದು ಪಕ್ಕಕ್ಕಿಟ್ಟರು. ಆಮೇಲೆ, ಸ್ವಲ್ಪ ಒರಟಾಗಿ, ಆದರೆ ವಾರ್ಡಿನ ಆ ತುದಿಗೆ ಕೇಳುವಂತೆ ಅಂದರು, "ಸದ್ದು ಮಾಡಬ್ಯಾಡ ಅಂದ್ರಿ ಅವತ್ತು. ಬಾಯ್ಗೆ ಸೆರಗು ತುರುಕ್ಕೊಂಡು ಸುಮ್ನಿದ್ದೆ. ನಾನ್ ಸುಮ್ನಿದ್ರೆ ಎಂಗಿರ್ತದೆ ಅಂತ ನಿಮ್ಗೂ ಒಂದಿನ ಗೊತ್ತಾಗ್ಲಿ ಅಂತಿದ್ದೆ. ಗೊತ್ತಾಯ್ತಾ?"

ಬೇಕೆಂದೇ ಒಂದು ದಿನ ಪೂರ್ತಿ ಬಾಯಿ ಮುಚ್ಚಿಕೊಂಡಿದ್ದರು, ಬೆಳಿಗ್ಗೆ ನರ್ಸನ್ನು ಮಾತ್ರ ಮಾತಾಡಿಸಿದ್ದರಂತೆ. ಆಚಾರ್ರು ಎದ್ದು ನಿಂತರು. ಕತ್ತಿನ ಪಟ್ಟಿಯನ್ನು ನೋಡುತ್ತಾರೆ ಅಂದುಕೊಂಡೆ, ಹೊಲಿಗೆ ಎಷ್ಟು ಸಮವಾಗಿದೆ ಅಂತ. ಕತ್ತಿನ ಕಡೆ ಕಣ್ಣೇ ಹಾಯಿಸಲಿಲ್ಲ. ಅಷ್ಟು ವರ್ಷ ಜೊತೆಗಿದ್ದವಳ ಮುಖವನ್ನು ಹೊಸದಾಗಿ ನೋಡುವವರಂತೆ ನೋಡುತ್ತಾ ನಿಂತರು, ಕಣ್ಣೊರೆಸಿಕೊಳ್ಳುವುದನ್ನೂ ಮರೆತು.

"ಏನಂಗ್ ನೋಡ್ತೀರಾ," ಅಂದರು ಅಮ್ಮ. "ನಿನ್ನೆಯಿಂದ ಮೈಮೇಲೆ ನೀರು ಉಯ್ಕೊಂಡಿಲ್ಲ. ಓಗಿ ಸ್ನಾನ ಮಾಡ್ಕೊಂಬನ್ನಿ."

ಆಚಾರ್ರು ಸ್ನಾನಕ್ಕೆ ಹೋದರು.